ಕುಚ್ಚು ಕಟ್ಟುವ ಕೈಗೆ ಪಟ್ಟೆ ಹೊದಿಕೆ

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಕ್ರೋಶಾ ಕಡ್ಡಿಯನ್ನು ಹೆಂಗಸರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮದುವೆ ಸೀಸನ್ ಶುರುವಾದರೆ ಸಾಕು, ಕುಚ್ಚು ಹಾಕುವವರ ಮನೆಯಲ್ಲಿ ಸೀರೆಗಳ ರಾಶಿ. "ಅಕ್ಕಾ, ಶುಕ್ರವಾರಕ್ಕೆ ಬೇಕೇ ಬೇಕು. ಮಣಿ ಹಾಕಿ, ಜಾಸ್ತಿ ಉದ್ದ ಬೇಡ" ಎಂಬ ತಗಾದೆ ಬೇರೆ. ನರಸೀಪುರದಲ್ಲೇ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇದೆ. ಗೂಡಿನಿಂದ ತೆಗೆದ ರೇಷ್ಮೆ ಅಲ್ಲಿಂದ ಮೈಸೂರಿಗೆ ಹೋಗಿ ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ಮಗ್ಗದ ಕೆಲಸ ಮುಗಿದ ಮೇಲೂ ಸೆರಗಿಗೆ ಕೈಕೆಲಸ ಬಾಕಿ ಇರುತ್ತದಲ್ಲ, ಅದು ಮನೆಯಲ್ಲೇ ಕೂತು ಮಾಡುವ ಕೆಲಸ.

ಅದೇ ಕೈ, ಅದೇ ಕೊಕ್ಕೆ. ಆದರೆ ಕಡ್ಡಿ ದಪ್ಪವಾಗಿ, ದಾರ ದಪ್ಪವಾಗಿ, ಸೆರಗಿನಂಚಿನ ಕೆಲಸ ಹಾಸಿಗೆಯಗಲಕ್ಕೆ ಹರಡಿದರೆ ಅದು ಕ್ರೋಶಾ ಹೊದಿಕೆ. ಹಿಂದಿನ ತಲೆಮಾರಿನವರು ಬಾಗಿಲ ತೋರಣ, ಟೀಪಾಯಿ ಬಟ್ಟೆ, ಟಿ.ವಿ. ಮುಚ್ಚುವ ಬಿಳಿ ಜಾಲರಿ ಹಾಕುತ್ತಿದ್ದರು. ಅಷ್ಟಕ್ಕೇ ನಿಂತದ್ದಕ್ಕೆ ಕಾರಣ ಸರಳ: ಇದು ಚಳಿಯ ಊರಲ್ಲ. ಕಪಿಲೆಯ ದಡದಲ್ಲಿ ಧನುರ್ಮಾಸದ ಬೆಳಗು ಮಂಜು ಕವಿದರೂ ಉಣ್ಣೆಯ ಹೊದಿಕೆ ಬೇಕೆನಿಸುವ ದಿನ ವರ್ಷದಲ್ಲಿ ಕೆಲವೇ. ಆದ್ದರಿಂದ ಇಲ್ಲಿ ಹೊದಿಕೆ ಹಾಕುವುದಾದರೆ ಹತ್ತಿ ದಾರದಲ್ಲಿ ಹಾಕಬೇಕು, ಉಬ್ಬು ಪಟ್ಟೆಯಲ್ಲಿ ಹಾಕಬೇಕು ಎನ್ನುವುದು ನನ್ನ ವಾದ.

ಪಟ್ಟೆ ಹೊದಿಕೆಯಲ್ಲಿ ಅಡ್ಡಕ್ಕೆ ಸಾಲು ಸಾಲಾಗಿ ಹೋಗುವುದಷ್ಟೇ ಕೆಲಸ, ತುಂಡುಗಳನ್ನು ಕೂಡಿಸುವ ತಾಪತ್ರಯವಿಲ್ಲ. ಕುಚ್ಚಿಗೆ ಒಂದು ಮಿಲಿಮೀಟರ್ ಆಸುಪಾಸಿನ ಉಕ್ಕಿನ ಕಡ್ಡಿ ಸಾಕಾದರೆ ಇದಕ್ಕೆ 4 ಅಥವಾ 5 ಮಿ.ಮೀ. ಕಡ್ಡಿ ಬೇಕು. ತೊಟ್ಟಿಲ ಮಗುವಿಗೆ 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ ಎಂದಿಟ್ಟುಕೊಳ್ಳಿ. ಮಧ್ಯಮ ದಪ್ಪದ ದಾರದಲ್ಲಿ ಅಗಲಕ್ಕೆ ಸುಮಾರು 110 ಹೆಣಿಗೆ, ಉದ್ದಕ್ಕೆ ನೂರಕ್ಕೂ ಮೇಲ್ಪಟ್ಟು ಸಾಲು. ಗುಣಿಸಿದರೆ ಹತ್ತಿರ ಹತ್ತಿರ 12 ಸಾವಿರ ಹೆಣಿಗೆ. ಬುನಾದಿಯ ಚೈನನ್ನು ಬಿಗಿಯಾಗಿ ಹಾಕಿದರೆ ಕೆಳಗಿನಂಚು ಸುಕ್ಕುಗಟ್ಟಿ ಹೊದಿಕೆ ಬೀಸಣಿಗೆಯ ಹಾಗೆ ಅರಳುತ್ತದೆ. ಅದಕ್ಕೇ ಅನುಭವಸ್ಥರು ಚೈನಿಗೆ ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿ ಹಿಡಿಯುತ್ತಾರೆ.

ಉಬ್ಬು ತರುವ ದಾರಿಗಳಲ್ಲಿ ಮೂರು ಮುಖ್ಯ. ಸುಲಭದ್ದು, ಕೆಳಸಾಲಿನ ಹೆಣಿಗೆಯ ತಲೆಯಲ್ಲಿರುವ ಎರಡೆಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಕಡ್ಡಿ ಹಾಕುವುದು. ಬಿಟ್ಟ ಮುಂದಿನೆಳೆ ಗೆರೆಯಾಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ತಲೆಯನ್ನೇ ಬಿಟ್ಟು, ಕೆಳಸಾಲಿನ ಹೆಣಿಗೆಯ ಕಾಂಡವನ್ನು ಸುತ್ತಿ ಹೆಣೆಯಬೇಕು. ಏಣುಗಳು ಏಳುವುದು ಹೀಗೆ. ಮೂರನೆಯದು ಎಲ್ಲರಿಗೂ ಇಷ್ಟವಾಗುವ ಗುಂಡು: ಒಂದೇ ಜಾಗದಲ್ಲಿ ನಾಲ್ಕೈದು ಡಬಲ್ ಕ್ರೋಶಾ ಅರ್ಧರ್ಧ ಹಾಕಿ, ಕಡ್ಡಿಯ ಮೇಲೆ ಉಳಿದ ಕುಣಿಕೆಗಳನ್ನೆಲ್ಲ ಒಂದೇ ಎಳೆತಕ್ಕೆ ಮುಚ್ಚುವುದು. ಇದನ್ನು ಹಾಕುವಾಗ ಹೊದಿಕೆಯ ಹಿಂಬದಿ ನಿಮ್ಮ ಕಡೆಗಿರಬೇಕು. ಗುಂಡು ನಿಮ್ಮಿಂದಾಚೆಗೆ, ಅಂದರೆ ಹೊದಿಕೆಯ ಮುಂಬದಿಗೆ ಉಬ್ಬುತ್ತದೆ. ಅದರ ಅಕ್ಕಪಕ್ಕ ಗಿಡ್ಡನೆಯ ಸಿಂಗಲ್ ಕ್ರೋಶಾ ಇದ್ದರೇ ಉಬ್ಬು ಎದ್ದು ಕಾಣುವುದು.

ಪಟ್ಟೆಯ ಗುಟ್ಟು ಬಣ್ಣ ಬದಲಿಸುವ ಜಾಗದಲ್ಲಿದೆ. ಸಾಲು ಮುಗಿಸಿ ಹೊಸ ಬಣ್ಣ ಹಿಡಿದರೆ ತುದಿಯಲ್ಲಿ ಹಳೆ ಬಣ್ಣದ ಚುಕ್ಕೆ ಉಳಿದುಬಿಡುತ್ತದೆ. ಕೊನೆಯ ಹೆಣಿಗೆಯ ಕೊನೆಯ ಎಳೆತಕ್ಕೇ ಹೊಸ ದಾರ ಸಿಕ್ಕಿಸಬೇಕು. ಇನ್ನೊಂದು ಲೆಕ್ಕ: ಎರಡು ಬಣ್ಣದ ಹೊದಿಕೆಯಲ್ಲಿ ಪಟ್ಟೆಗೆ ಎರಡೋ ನಾಲ್ಕೋ ಸಾಲು ಇಟ್ಟುಕೊಂಡರೆ ದಾರ ಹೊರಟ ಬದಿಗೇ ವಾಪಸು ಬರುತ್ತದೆ, ಕತ್ತರಿಸದೆ ಅಂಚಿನಲ್ಲೇ ಮೇಲಕ್ಕೆ ಒಯ್ಯಬಹುದು. ಪಟ್ಟೆಗೆ ಮೂರು ಸಾಲಾದರೆ ದಾರ ಆಚೆ ಬದಿಯಲ್ಲಿ ನಿಲ್ಲುತ್ತದೆ, ಕತ್ತರಿಸಲೇಬೇಕು. ಕತ್ತರಿಸಿದ್ದೆಲ್ಲ ಕೊನೆಗೆ ಸೂಜಿ ಹಿಡಿದು ಅಡಗಿಸುವ ತಲೆನೋವು. ಅರ್ಧ ಹೊದಿಕೆಗಳು ಬೀರುವಿನಲ್ಲಿ ಕೊಳೆಯುವುದು ಬಹಳ ಸಲ ಈ ಬಾಲಗಳ ದೆಸೆಯಿಂದಲೇ.

ಇನ್ನು ದಾರ. ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಅಗ್ಗ, ಬಣ್ಣ ಬಿಡದು, ಆದರೆ ನಮ್ಮ ಸೆಕೆಗೆ ಮೈಗೆ ಅಂಟುತ್ತದೆ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರಂತೂ ಉಬ್ಬೆಲ್ಲ ಚಪ್ಪಟೆಯಾಗಿ ಜೀವ ಹೋಗುತ್ತದೆ. ಹತ್ತಿ ಭಾರ, ಒಗೆದರೆ ತುಸು ಕುಗ್ಗುತ್ತದೆ. ಆದರೂ ಮಗುವಿಗೆ ಅದೇ ಒಳ್ಳೆಯದು. ಕ್ರೋಶಾಗೆ ಹುರಿ ಮಾಡಿದ ದಾರವೇ ಬೇಕು. ಒಂಟಿ ನೂಲಾದರೆ ಕೊಕ್ಕೆಗೆ ಸಿಕ್ಕಿ ಬಿಡಿಬಿಡಿಯಾಗುತ್ತದೆ. ಹತ್ತಿಯ ವಿಷಯ ಬಂದಾಗ ನಂಜನಗೂಡು ತಾಲ್ಲೂಕಿನ ಬದನವಾಳನ್ನು ನೆನೆಯದೆ ಇರಲಾಗದು. 1927ರಲ್ಲಿ ಗಾಂಧೀಜಿ ಬಂದು ನೋಡಿಹೋದ ಖಾದಿ ಕೇಂದ್ರ ಅದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹ ಕೂತದ್ದೂ ಅಲ್ಲಿಯೇ. ಕೈಯಲ್ಲಿ ತೆಗೆದ ನೂಲನ್ನು ಆರೆಂಟು ಎಳೆ ಸೇರಿಸಿ ಹುರಿ ಮಾಡಿ ಹೊದಿಕೆ ಹಾಕಿದರೆ ಹೇಗಿದ್ದೀತು ಎಂಬುದು ನನ್ನ ಆಸೆ. ಖಾದಿಯವರು ಮನಸ್ಸು ಮಾಡಿಯಾರೇ?

ಮಗ್ಗಕ್ಕೂ ನಿಟ್ಟಿಂಗಿಗೂ ಯಂತ್ರ ಬಂದು ಬಹಳ ಕಾಲವಾಯಿತು. ನಿಜವಾದ ಕ್ರೋಶಾವನ್ನು ಮಾತ್ರ ಇವತ್ತಿಗೂ ಕಾರ್ಖಾನೆ ಹಾಕುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಚೀಲವನ್ನೂ ಎಲ್ಲೋ ಒಬ್ಬರು ಕೈಯಲ್ಲೇ ಹಾಕಿರುತ್ತಾರೆ. ಹಾಗಿದ್ದರೆ ಆ ಕೈಗೆ ಸಿಕ್ಕಿದ್ದೆಷ್ಟು? 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಬಡ ಕುಟುಂಬಗಳು ಕ್ರೋಶಾ ಲೇಸು ಹಾಕಿ ಹೊಟ್ಟೆ ಹೊರೆದವು. ಆಂಧ್ರದ ನರಸಾಪುರಕ್ಕೆ ಇದು ಮಿಷನರಿಗಳೊಂದಿಗೆ ಬಂತು. ಅಲ್ಲಿಯ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಆದರೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಆ ಹೆಂಗಸರ ಬಗ್ಗೆ ಬರೆದ ಪುಸ್ತಕ ಬೇರೊಂದು ಕಥೆ ಹೇಳುತ್ತದೆ. ಜಗತ್ತಿನ ಮಾರುಕಟ್ಟೆಗೆ ಸರಕು ಒದಗಿಸುವವರನ್ನು 'ಮನೆಯಲ್ಲಿ ಸುಮ್ಮನೆ ಕೂತಿರುವ ಗೃಹಿಣಿಯರು' ಎಂದು ಲೆಕ್ಕ ಹಿಡಿದದ್ದರಿಂದಲೇ ಅವರ ಕೂಲಿ ಅಷ್ಟು ಕೆಳಗಿತ್ತು ಎನ್ನುತ್ತಾರೆ ಅವರು. 'ಬಿಡುವಿನಲ್ಲಿ ಮಾಡೋದು ತಾನೇ?' ಎಂದು ಕುಚ್ಚಿಗೆ ಚೌಕಾಸಿ ಮಾಡುವ ನಾವೂ ಆ ಮಾತಿಗೆ ಹೊರಗಲ್ಲ.

ಹೊದಿಕೆಗಳಿಗೂ ದೊಡ್ಡ ಮೆರವಣಿಗೆ ಸಂದಿದೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಗುಂಪಿನವರು ಚಿಕ್ಕ ಚಿಕ್ಕ ಹೊದಿಕೆಗಳನ್ನು ಜೋಡಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು.

ನಮ್ಮ ಲೆಕ್ಕಕ್ಕೆ ಮರಳೋಣ. ತೊಟ್ಟಿಲ ಹೊದಿಕೆಗೆ ಅರ್ಧ ಕಿಲೋ ಆಸುಪಾಸು ದಾರ. ಚುರುಕು ಕೈಗೂ ಇಪ್ಪತ್ತು ಗಂಟೆಗೆ ಕಡಿಮೆಯಿಲ್ಲ. ಗಂಟೆಗೆ ಇಷ್ಟು ಎಂದು ಕೂಲಿ ಕಟ್ಟಿ ಬೆಲೆ ಹೇಳಿದರೆ ಗಿರಾಕಿ ಹುಬ್ಬೇರಿಸುವುದು ಖಂಡಿತ. ಆದರೂ ನಾಮಕರಣದ ಉಡುಗೊರೆಗೆ ಸಾವಿರಾರು ರೂಪಾಯಿ ಸುರಿಯುವವರು ಇದ್ದೇ ಇದ್ದಾರೆ, ಮೊದಲು ಕೇಳಬೇಕಾದದ್ದು ಅವರನ್ನು. ಒಂದು ಎಚ್ಚರಿಕೆ ಮಾತ್ರ ಇರಲಿ: ಮಗುವಿನ ಹೊದಿಕೆಗೆ ಜಾಲರಿ ವಿನ್ಯಾಸ ಬೇಡ, ಎಳೆ ಬೆರಳು ತೂತಿಗೆ ಸಿಕ್ಕಿಕೊಳ್ಳುತ್ತದೆ. ಒತ್ತಾದ ಉಬ್ಬು ಹೆಣಿಗೆಗೆ ಆ ಭಯವಿಲ್ಲ. ಹೊಸಬರು ಮೊದಲು ಇಪ್ಪತ್ತು ಹೆಣಿಗೆಯಗಲದ ತುಂಡೊಂದನ್ನು ಹಾಕಿ, ಒಗೆದು, ಒಣಗಿಸಿ, ಅಳತೆ ಹಿಡಿದ ಮೇಲೆ ದಾರ ಕೊಳ್ಳಲಿ. ಕೊಳ್ಳುವಾಗ ಪೂರ್ತಿಗೆ ಸಾಕಾಗುವಷ್ಟು ಒಮ್ಮೆಗೇ ಕೊಳ್ಳಲಿ, ಮುಂದಿನ ಸಲ ಅದೇ ಬಣ್ಣದ ಅದೇ ಛಾಯೆ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲ.