ಹ್ಯಾಂಡ್‌ಬಿಲ್ಲಿನಲ್ಲಿ ಹೆಸರಿದೆ, ಟೈಟಲ್ ಕಾರ್ಡಿನಲ್ಲಿಲ್ಲ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಹಳ್ಳಿಗಳಲ್ಲಿ ನಾಟಕದ ಹ್ಯಾಂಡ್‌ಬಿಲ್ಲುಗಳು ಓಡಾಡುತ್ತವೆ. ತೆಳ್ಳನೆಯ ಬಣ್ಣದ ಕಾಗದ. ನೆತ್ತಿಯ ಮೇಲೆ ಊರ ದೇವರ ಹೆಸರು, ‘ಪ್ರಸನ್ನ’. ಅದರ ಕೆಳಗೆ ‘ಅರ್ಥಾತ್’ ಎಂಬ ಕೊಂಡಿ ಹಾಕಿಕೊಂಡ ನಾಟಕದ ಜೋಡಿ ಹೆಸರು. ಆಮೇಲೆ ಪಾತ್ರಧಾರಿಗಳು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳು, ದುಡ್ಡು ಕೊಟ್ಟ ದಾನಿಗಳು. ಇವರೆಲ್ಲರ ನಡುವೆ ಎಲ್ಲೋ ಒಂದು ಕಡೆ ಹಾರ್ಮೋನಿಯಂ, ತಬಲಾ, ಕ್ಯಾಸಿಯೊ, ರಿದಂ ಪ್ಯಾಡ್ ಎಂಬ ಸಾಲುಗಳು ಇರುತ್ತವೆ. ಎದುರಿಗೆ ನುಡಿಸುವವರ ಹೆಸರು, ಎಷ್ಟೋ ಸಲ ಅವರ ಊರಿನ ಸಮೇತ.

ಈ ಸೀಮೆಯ ದಾವಣಗೆರೆ ನಾಟಕ ಕಂಪನಿಗಳ ಊರು. ನಟಿ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದದ್ದು ಇಲ್ಲೇ. ವೃತ್ತಿ ರಂಗಭೂಮಿಯಲ್ಲಿ ಹಾರ್ಮೋನಿಯಂ ಮಾಸ್ತರು ರಂಗದ ಮುಂದೆಯೇ, ಎಲ್ಲರಿಗೂ ಕಾಣುವಂತೆ ಕೂರುತ್ತಿದ್ದರು. ನಟ ಶ್ರುತಿ ತಪ್ಪಿದರೆ ಎತ್ತಿಕೊಡುವವರೂ ಅವರೇ. ಕಣ್ಣೆದುರು ಕೂತವರ ಹೆಸರು ಬಿಡುವುದು ಸುಲಭವಲ್ಲ.

ಸಿನಿಮಾದಲ್ಲಿ ಆ ಕಷ್ಟವಿರಲಿಲ್ಲ. 1970ರ ದಶಕದ ಯಾವುದಾದರೂ ಕನ್ನಡ ಚಿತ್ರದ ಟೈಟಲ್ ಕಾರ್ಡ್ ನೋಡಿ: ಸಂಗೀತ, ಸಾಹಿತ್ಯ, ಹಿನ್ನೆಲೆ ಗಾಯನ, ಧ್ವನಿಗ್ರಹಣ ಎಲ್ಲಕ್ಕೂ ಹೆಸರಿದೆ. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಬರುವ ಕೊಳಲನ್ನು ಊದಿದವರು ಯಾರು, ಹಾಡಿನ ಬಾಗಿಲು ತೆರೆಯುವ ಗಿಟಾರ್ ಮೀಟಿದವರು ಯಾರು ಎಂಬುದು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಜನ ಗುರುತು ಹಿಡಿಯುವುದು ಮಾತ್ರ ಅದನ್ನೇ. ರಸಮಂಜರಿ ಕಾರ್ಯಕ್ರಮದಲ್ಲಿ ಗಾಯಕ ಬಾಯಿ ತೆರೆಯುವ ಮೊದಲೇ ಶಿಳ್ಳೆ ಬೀಳುತ್ತದೆ. ಅದು ಬೀಳುವುದು ಆ ವಾದ್ಯದ ಬಿಟ್‌ಗೆ.

ಆ ಕಾಲದ ಕನ್ನಡ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಹುಟ್ಟಿದವು. ವಾದ್ಯಗಾರರು ಕಾಲ್‌ಶೀಟ್ ಲೆಕ್ಕದಲ್ಲಿ ದುಡಿಯುತ್ತಿದ್ದರು: ಬೆಳಿಗ್ಗೆ ಒಂದು ಭಾಷೆಯ ಚಿತ್ರ, ಮಧ್ಯಾಹ್ನ ಇನ್ನೊಂದು. ಮುಂದೆ ನೊಟೇಶನ್ ಹಾಳೆ, ಒಂದೆರಡು ರಿಹರ್ಸಲ್, ಆಮೇಲೆ ಟೇಕ್. ಗಾಯಕರು, ಪಿಟೀಲುಗಳ ಸಾಲು, ತಬಲಾ, ಢೋಲಕ್ ಎಲ್ಲವೂ ಒಟ್ಟಿಗೇ ರೆಕಾರ್ಡ್ ಆಗುತ್ತಿತ್ತು. ಕೊನೆಯ ಚರಣದಲ್ಲಿ ಒಬ್ಬರ ಕೈ ತಪ್ಪಿದರೂ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಈ ವಾದ್ಯಗಾರರನ್ನು ಸಂಘಟಿಸಿ ಮದ್ರಾಸಿನಲ್ಲಿ ಸಂಘ ಕಟ್ಟಿದವರು ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್. ಕೂಲಿಯ ಲೆಕ್ಕಕ್ಕೆ ಒಂದು ಸಂಘವಾದರೂ ಸಿಕ್ಕಿತು. ಹೆಸರಿನ ಲೆಕ್ಕ ಹಾಗೇ ಉಳಿಯಿತು.

‘ಬಂಗಾರದ ಮನುಷ್ಯ’ದ (1972) ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದವನ್ನೇ ತೆಗೆದುಕೊಳ್ಳಿ. ಅದೇ ದಶಕದಲ್ಲಿ ಅಲ್ಲಿ ಗಿಟಾರ್, ಆರ್ಗನ್ ಹಿಡಿದು ಸಹಾಯಕರಾಗಿದ್ದ ಒಬ್ಬ ತರುಣ, ಗುರು ಹಾಕಿಕೊಟ್ಟ ರಾಗಕ್ಕೆ ವಾದ್ಯಗಳ ಮೇಳ ಬರೆಯುತ್ತಿದ್ದ. ಕನ್ನಡದ ಎಷ್ಟೋ ಚಿತ್ರಗಳಲ್ಲಿ ಅವನ ಕೈಯಿದೆ. 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ ಬಂದ ಮೇಲೆ ಜಗತ್ತು ಅವನನ್ನು ಇಳಯರಾಜ ಎಂದು ಕರೆಯಿತು. ವೆಂಕಟೇಶ್ ಅವರ ಬಳಿಯೇ ಪಳಗಿದ ಇನ್ನೊಬ್ಬರು ಎಲ್. ವೈದ್ಯನಾಥನ್, ಪಿಟೀಲು ಮನೆತನದವರು. 1986ರಲ್ಲಿ ದೂರದರ್ಶನಕ್ಕೆ ಬಂದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಸಂಗೀತ ಕೊಟ್ಟವರು ಇವರೇ. ಅದರ ಶೀರ್ಷಿಕೆ ಸಂಗೀತ ಗುನುಗದ ಕನ್ನಡಿಗರು ಕಡಿಮೆ. ಇವರ ಹೆಸರು ಹೇಳಬಲ್ಲವರೂ ಕಡಿಮೆಯೇ. ಎ.ಆರ್. ರೆಹಮಾನ್ ಕೂಡ 1992ರ ‘ರೋಜಾ’ಗೆ ಮೊದಲು ಹಂಸಲೇಖ, ವಿಜಯಾನಂದ್ ಮೊದಲಾದವರ ಬಳಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ.

ಇವರ ಕಥೆ ನಮಗೆ ಗೊತ್ತಿರುವುದಕ್ಕೆ ಕಾರಣ, ಇವರು ವಾದ್ಯಗಾರರ ಕುರ್ಚಿಯಿಂದ ಎದ್ದು ಸಂಗೀತ ನಿರ್ದೇಶಕರಾದದ್ದು. ಪಕ್ಕದ ಕುರ್ಚಿಯಲ್ಲಿ ಕೂತು ನಿವೃತ್ತಿಯವರೆಗೂ ಪಿಟೀಲು ಉಜ್ಜಿದವರ ಕಥೆ ಹೇಳಲು ಬೇರೆಯವರೇ ಬರಬೇಕು.

ಮುಂಬೈ ಚಿತ್ರರಂಗದ ವಾದ್ಯಗಾರರ ಕಥೆ ಹೇಳಲು ಹಾಗೆ ಬಂದವರು ರುದ್ರದೀಪ್ ಭಟ್ಟಾಚಾರ್ಜಿ. ಅವರ ‘ದಿ ಹ್ಯೂಮನ್ ಫ್ಯಾಕ್ಟರ್’ ಸಾಕ್ಷ್ಯಚಿತ್ರ ಪಾರ್ಸಿ ಲಾರ್ಡ್ ಕುಟುಂಬದ ಮೂವರ ಕಥೆ: ತಂದೆ ಕಾವಸ್, ಮಕ್ಕಳು ಕೇರ್ಸಿ ಮತ್ತು ಬುರ್ಜೋರ್. 1969ರ ‘ಆರಾಧನಾ’ದಲ್ಲಿ ರಾಜೇಶ್ ಖನ್ನಾ, ಶರ್ಮಿಳಾ ಟ್ಯಾಗೋರ್ ಅವರ ಮಳೆರಾತ್ರಿಯ ಹಾಡಿಗೆ ಬಿಸಿ ಏರಿಸುವ ಅಕಾರ್ಡಿಯನ್ ಕೇರ್ಸಿಯವರದು. ಹಾಗೆಯೇ ‘ಶೋಲೆ’ಯಲ್ಲಿ ಜಯಾ ದೀಪ ಆರಿಸುತ್ತಾ ಹೋಗುವಾಗ ಅಮಿತಾಭ್ ಊದುವ ಮೌತ್ ಆರ್ಗನ್ ನಿಜಕ್ಕೂ ಊದಿದವರು ಭಾನು ಗುಪ್ತಾ.

ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಒಬ್ಬ ಮಗನೇ ನಿಂತ. ಲಾಸ್ ಏಂಜಲಿಸ್‌ನ ಗಿಟಾರ್ ವಾದಕ ಟಾಮಿ ಟೆಡೆಸ್ಕೊಗೆ ಕ್ಯಾನ್ಸರ್ ಎಂದು ತಿಳಿದಾಗ, ಮಗ ಡೆನ್ನಿ 1996ರಲ್ಲಿ ಅಪ್ಪನ ಗೆಳೆಯರನ್ನು ಕೂರಿಸಿ ಕ್ಯಾಮೆರಾ ಓಡಿಸಿದ. ಡ್ರಮ್ಸ್‌ನ ಹ್ಯಾಲ್ ಬ್ಲೇನ್, ಬೇಸ್ ಗಿಟಾರಿನ ಕ್ಯಾರಲ್ ಕೇ. ಬೀಚ್ ಬಾಯ್ಸ್ ತಂಡದ ಹೆಸರಿನಲ್ಲಿ ಮಾರಾಟವಾದ ರೆಕಾರ್ಡುಗಳಲ್ಲಿ ನುಡಿಸಿದವರು ಇಂಥವರು. ಚಿತ್ರ ‘ದಿ ರೆಕಿಂಗ್ ಕ್ರ್ಯೂ’ 2008ರಲ್ಲಿ ಚಿತ್ರೋತ್ಸವ ಕಂಡರೂ ಥಿಯೇಟರಿಗೆ ಬಂದದ್ದು 2015ರಲ್ಲಿ. ಅದರಲ್ಲಿದ್ದ ನೂರಕ್ಕೂ ಹೆಚ್ಚು ಹಾಡುಗಳ ಹಕ್ಕಿಗೆ ಹಣ ಹೊಂದಿಸಲು ಅಷ್ಟು ವರ್ಷ ಹಿಡಿಯಿತು. ಅಪ್ಪ ನುಡಿಸಿದ್ದನ್ನು ಕೇಳಿಸಲು ಮಗ ದುಡ್ಡು ಕಟ್ಟಬೇಕಾಯಿತು!

ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ವಾದ್ಯಗಾರರ ಬಗ್ಗೆ 2002ರಲ್ಲಿ ಬಂದ ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್’ ಸಾಕ್ಷ್ಯಚಿತ್ರ ಇನ್ನೂ ಕಹಿ. ಆ ಕಂಪನಿಯ ಹಿಟ್‌ಗಳಿಗೆ ಬೆನ್ನೆಲುಬಾಗಿದ್ದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1983ರ ಕಂಪನಿಯ ಬೆಳ್ಳಿಹಬ್ಬದ ಕಾರ್ಯಕ್ರಮವನ್ನು ಟಿಕೆಟ್ ಕೊಂಡು, ಹಿಂದೆ ಕೂತು ನೋಡಿದ. ಅದೇ ವರ್ಷ ತೀರಿಕೊಂಡ.

ನಮ್ಮ ಕಡೆಗೆ ಮರಳೋಣ. ಮದ್ರಾಸ್, ಬೆಂಗಳೂರಿನ ಸ್ಟುಡಿಯೊ ವಾದ್ಯಗಾರರನ್ನು ಅತ್ಯಂತ ಹತ್ತಿರದಿಂದ ಬಲ್ಲವರು ಯಾರು ಎಂದು ಕೇಳಿದರೆ, ಉತ್ತರ ಚನ್ನಗಿರಿ, ಹೊನ್ನಾಳಿಯಂಥ ಊರುಗಳಲ್ಲೇ ಸಿಗುತ್ತದೆ: ರಸಮಂಜರಿಯ ಕೀಬೋರ್ಡ್ ವಾದಕರು. ಕೊಳಲು, ಸಿತಾರ್, ಪಿಟೀಲಿನ ಗುಂಪು ಎಲ್ಲವನ್ನೂ ಒಬ್ಬರೇ ಎರಡು ಕೈಯಲ್ಲಿ ತರಬೇಕು. ಒಂದು ಬಿಟ್ ಹಿಡಿಯಲು ಹಾಡನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಬೇಕು. ಸ್ವರ ಎಲ್ಲಿ ಜಾರಿತು, ಎಲ್ಲಿ ಉಸಿರು ತೆಗೆದುಕೊಂಡರು ಎಂಬುದೆಲ್ಲ ಇವರಿಗೆ ಬಾಯಿಪಾಠ. ನುಡಿಸಿದವರ ಹೆಸರೊಂದೇ ಸಿಗುವುದಿಲ್ಲ. ಸಿಗುವಂತೆ ಮಾಡಿದವರು ಕೆಲವರಿದ್ದಾರೆ. ರೆಹಮಾನ್ ತಮ್ಮ ಕ್ಯಾಸೆಟ್, ಸಿ.ಡಿ.ಗಳ ಒಳಹಾಳೆಯಲ್ಲಿ ವಾದ್ಯಗಾರರ ಹೆಸರು ಅಚ್ಚು ಹಾಕಿಸಿದರು. ಕೊಳಲಿನ ನವೀನ್ ಕುಮಾರ್, ಬೇಸ್ ಗಿಟಾರಿನ ಕೀತ್ ಪೀಟರ್ಸ್ ಕೇಳುಗರಿಗೆ ಪರಿಚಯವಾದದ್ದರಲ್ಲಿ ಆ ಹಾಳೆಯ ಪಾಲು ದೊಡ್ಡದು. ಈಗ ಸಿ.ಡಿ. ಹೋಯಿತು, ಹಾಳೆಯೂ ಹೋಯಿತು.

ಕಾನೂನಿನ ಕಥೆ ಇನ್ನೂ ವಿಚಿತ್ರ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಕಲಾವಿದರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. 38ಬಿ ಕಲಮು ಅದೇ. ಆದರೆ ಅದೇ ತಿದ್ದುಪಡಿ ಸಿನಿಮಾಕ್ಕೆ ಒಂದು ಬಾಲ ಸೇರಿಸಿತು: ಪಾಲ್ಗೊಂಡದ್ದು ಸಾಂದರ್ಭಿಕವಾಗಿದ್ದು, ಉದ್ಯಮದ ರೂಢಿಯಂತೆ ಎಲ್ಲೂ ಹೆಸರು ಹಾಕದ ವ್ಯಕ್ತಿಯನ್ನು ‘ಕಲಾವಿದ’ ಎಂದು ಎಣಿಸುವಂತಿಲ್ಲ. ನುಡಿಸಿದ್ದನ್ನು ಯಾರಾದರೂ ವಿರೂಪಗೊಳಿಸಿದರೆ ಆತ ಆಕ್ಷೇಪಿಸಬಹುದು, ಅಷ್ಟೇ. ಪಿಟೀಲುಗಳ ಸಾಲಿನಲ್ಲಿ ಕೂತ ಒಬ್ಬರ ವಾದನ ‘ಸಾಂದರ್ಭಿಕ’ವೇ? ಹಾಗೆ ವಾದಿಸಲು ನಿರ್ಮಾಪಕರ ವಕೀಲರಿಗೆ ಹಳೆಯ ಟೈಟಲ್ ಕಾರ್ಡುಗಳೇ ರೂಢಿಯ ಸಾಕ್ಷಿಯಾಗಿ ಸಿಗುತ್ತವೆ.