ಶ್ರುತಿ ಇಳಿಸಿದರೆ ತಂತಿ ಎಷ್ಟು ದಪ್ಪವಿರಬೇಕು?

ಬ್ಲ್ಯಾಕ್ ಸಬ್ಬಾತ್ ತಂಡ 1971ರಲ್ಲಿ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂ ಹೊರತಂದಾಗ ಅದರ ಕೆಲವು ಹಾಡುಗಳಿಗೆ ಗಿಟಾರ್ ಮತ್ತು ಬೇಸ್ ಎರಡರ ಶ್ರುತಿಯನ್ನೂ ಮೂರು ಫ್ರೆಟ್‌ನಷ್ಟು ಕೆಳಕ್ಕೆ ಇಳಿಸಿತ್ತು. ಅಲ್ಲಿಂದೀಚೆಗೆ ಮೆಟಲ್ ಸಂಗೀತದಲ್ಲಿ ಶ್ರುತಿ ಇಳಿಯುತ್ತಲೇ ಬಂದಿದೆ. ಅದರ ಜೊತೆಗೇ ಬೇಸ್ ಗಿಟಾರ್ ನುಡಿಸುವವರಲ್ಲಿ ಒಂದು ನಂಬಿಕೆಯೂ ಬೇರೂರಿದೆ: ಶ್ರುತಿ ಇಳಿದಷ್ಟೂ ದಪ್ಪ ತಂತಿ ಹಾಕಬೇಕು, ಅಂಗಡಿಯಲ್ಲಿ ಸಿಗುವ ಅತಿ ದಪ್ಪದ್ದೇ ಅತಿ ಸುರಕ್ಷಿತ. ಮಾತಿನ ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ನಂಬಿ ಹಣ ಕೊಟ್ಟವರು ಕೊನೆಗೆ ಕೇಳುವುದು ಮಂಕು ಹಿಡಿದ, ಗಂಟಲು ಕಟ್ಟಿದಂಥ ನಾದವನ್ನು. ಪೊಟ್ಟಣದ ಮೇಲೆ ಬರೆದಿರುವ ಗೇಜ್ ತಂತಿಯ ದಪ್ಪವನ್ನಷ್ಟೇ ಹೇಳುತ್ತದೆ. ಬೆರಳಿಗೂ ಕಿವಿಗೂ ಮುಖ್ಯವಾದದ್ದು ಬಿಗಿ. ಆ ಬಿಗಿಯನ್ನೂ ಪೂರ್ತಿಯಾಗಿ ಉಳಿಸಿಕೊಳ್ಳಬೇಕಿಲ್ಲ, ಸ್ವಲ್ಪ ಬಿಟ್ಟುಕೊಡುವುದೇ ಜಾಣತನ.

ಲೆಕ್ಕ ಹಳೆಯದು. ಫ್ರಾನ್ಸಿನ ಮರಾನ್ ಮೆರ್ಸೆನ್ 1636ರಲ್ಲೇ ತಂತಿಯ ಉದ್ದ, ತೂಕ, ಬಿಗಿ ಮತ್ತು ಕಂಪನಗಳ ನಂಟನ್ನು ಬರೆದಿಟ್ಟಿದ್ದಾನೆ. ತಂತಿ ಅದೇ, ಉದ್ದವೂ ಅದೇ ಎಂದಾದರೆ ಬಿಗಿಯು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಬೇಸ್‌ನ ಇ ತಂತಿ ಸೆಕೆಂಡಿಗೆ 41.2 ಬಾರಿ ಕಂಪಿಸುತ್ತದೆ. ಅದನ್ನು ಡಿಗೆ ಇಳಿಸಿದರೆ 36.7 ಹರ್ಟ್ಸ್, ಕಂಪನದಲ್ಲಿ ಕಳೆದದ್ದು ಶೇ 11, ಬಿಗಿಯಲ್ಲಿ ಕಳೆದದ್ದು ಶೇ 20ಕ್ಕೂ ಹೆಚ್ಚು. ಸಿಗೆ ಇಳಿಸಿದರೆ ಶೇ 37, ಬಿಗೆ ಇಳಿಸಿದರೆ ಶೇ 44ರಷ್ಟು ಬಿಗಿ ಹೋಗುತ್ತದೆ. ಹೀಗೆ ಸಡಿಲಾದ ತಂತಿ ಅಗಲವಾಗಿ ತೂಗಾಡಿ ಫ್ರೆಟ್‌ಗಳಿಗೆ ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಟ್ಯೂನರ್ ಹಚ್ಚಿಕೊಂಡು ಸಡಿಲ ತಂತಿಯನ್ನು ಜೋರಾಗಿ ಮೀಟಿ ನೋಡಿ: ಮುಳ್ಳು ಮೊದಲು ಮೇಲಕ್ಕೆ ಹಾರಿ, ಆಮೇಲೆ ನಿಧಾನವಾಗಿ ಕೆಳಗಿಳಿದು ನಿಲ್ಲುತ್ತದೆ. ಮೀಟಿದ ಏಟಿಗೆ ತಂತಿ ಹಿಗ್ಗಿ ಕ್ಷಣಕಾಲ ಬಿಗಿಯಾಗುವುದರಿಂದ ಪ್ರತಿ ಸ್ವರವೂ ತುಸು ಮೇಲಿನಿಂದಲೇ ಶುರುವಾಗುತ್ತದೆ. ಗಂಡುದನಿಯ ತಂಬೂರಿಗೂ ಹೆಣ್ಣುದನಿಯ ತಂಬೂರಿಗೂ ಬೇರೆ ಬೇರೆ ದಪ್ಪದ ತಂತಿ ಕಟ್ಟುವ ನಮ್ಮವರಿಗೆ ಇದೆಲ್ಲ ಹೊಸದೇನಲ್ಲ.

ಕಳೆದ ಬಿಗಿಯನ್ನು ದಪ್ಪದಿಂದ ಮರಳಿ ಪಡೆಯಬಹುದು. 34 ಇಂಚಿನ ಮಾಮೂಲಿ ಬೇಸ್‌ಗೆ ಹೆಚ್ಚಿನವರು ಹಾಕುವುದು 45, 65, 85, 105ರ ಸೆಟ್. ಈ ಅಂಕಿಗಳು ಇಂಚಿನ ಸಾವಿರ ಭಾಗಗಳ ಲೆಕ್ಕದಲ್ಲಿವೆ. 105ರ ಇ ತಂತಿಯ ಬಿಗಿಯನ್ನೇ ಬಿ ಶ್ರುತಿಯಲ್ಲೂ ಬೇಕೆಂದರೆ 140ರ ತಂತಿ ಬೇಕಾಗುತ್ತದೆ. ಆದರೆ ಐದು ತಂತಿಯ ಬೇಸ್‌ಗೆಂದು ಕಂಪನಿಗಳು ಮಾರುವ ಸೆಟ್‌ನಲ್ಲಿ ಬಿ ತಂತಿ ಸಾಮಾನ್ಯವಾಗಿ 130ರದು. ಅದರ ಬಿಗಿ ಪಕ್ಕದ ಇ ತಂತಿಯದಕ್ಕಿಂತ ಸುಮಾರು ಶೇ 14 ಕಡಿಮೆ. ತಂತಿ ತಯಾರಿಸುವವರಿಗೆ ಲೆಕ್ಕ ತಪ್ಪಿದ್ದಲ್ಲ. ಅವರು ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ. ಅವರ ಈ ರಿಯಾಯಿತಿಯನ್ನೇ ನಾವೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆಗ ಡಿಗೆ 110 ಸಾಕು, ಸಿ ಶಾರ್ಪ್‌ಗೆ 115, ಸಿಗೆ 120ರಿಂದ 125. ಎ ತನಕ ಇಳಿಯುವವರಿಗೆ ಮಾತ್ರ 145ರ ಹಗ್ಗ ಬೇಕು. ಬರೀ ಒಂದು ಫ್ರೆಟ್‌ನಷ್ಟು ಇಳಿಸುವವರು ಏನನ್ನೂ ಬದಲಿಸಬೇಕಿಲ್ಲ. ಅಲ್ಲಿ ಕಳೆಯುವುದು ಶೇ 11, ರಿಯಾಯಿತಿಯ ಒಳಗೇ ಬರುತ್ತದೆ. ನಾಲ್ಕೇ ತಂತಿಯ ಬೇಸನ್ನು ಬಿ, ಇ, ಎ, ಡಿಗೆ ಶ್ರುತಿ ಮಾಡುವವರು ಐದು ತಂತಿಯ ಸೆಟ್ ಕೊಂಡು ಜಿ ತಂತಿಯನ್ನು ಪೊಟ್ಟಣದಲ್ಲೇ ಬಿಟ್ಟರಾಯಿತು.

ರಿಯಾಯಿತಿ ಯಾಕೆ, ಪೂರ್ತಿ 140 ಹಾಕಿದರೆ ಕಳೆದುಕೊಳ್ಳುವುದೇನು ಎಂದು ಕೇಳಬಹುದು. ಬೇಸ್ ತಂತಿ ಒಂದೇ ಎಳೆಯಲ್ಲ, ಉಕ್ಕಿನ ತಿರುಳಿನ ಮೇಲೆ ಸುತ್ತುಗಳನ್ನು ಹಾಕಿ ಮಾಡಿದ್ದು. ದಪ್ಪವಾದಂತೆ ಅದು ತಂತಿಯ ಗುಣ ಬಿಟ್ಟು ಕಂಬಿಯ ಗುಣಕ್ಕೆ ಬರುತ್ತದೆ: ಮಣಿಯುವುದಿಲ್ಲ, ಮೇಲಿನ ಹಾರ್ಮೋನಿಕ್‌ಗಳು ಬೇಗ ಸಾಯುತ್ತವೆ, ಉಳಿದವೂ ತಮ್ಮ ಜಾಗ ಬಿಟ್ಟು ತುಸು ಮೇಲಕ್ಕೆ ಸರಿಯುತ್ತವೆ. ಅಷ್ಟು ಕೆಳಗಿನ ಶ್ರುತಿಯಲ್ಲಿ ಇದು ದೊಡ್ಡ ನಷ್ಟ. ಬಿ ತಂತಿಯ ಮೂಲ ಕಂಪನ ಸುಮಾರು 31 ಹರ್ಟ್ಸ್. ಮೊಬೈಲ್ ಬಿಡಿ, ಮನೆಯ ಸಾಧಾರಣ ಸ್ಪೀಕರ್‌ಗಳೂ ಅದನ್ನು ಸರಿಯಾಗಿ ಹೊರಡಿಸುವುದಿಲ್ಲ. ಆದರೂ ನಮಗೆ ಬಿ ಕೇಳಿಸುತ್ತದೆ, ಯಾಕೆಂದರೆ 62, 93, 124 ಹರ್ಟ್ಸ್‌ಗಳ ಹಾರ್ಮೋನಿಕ್‌ಗಳನ್ನು ಕೇಳಿದ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಆ ಹಾರ್ಮೋನಿಕ್‌ಗಳನ್ನೇ ಮಂಕಾಗಿಸುವ ತಂತಿ ಹಾಕಿ, ಬಿಗಿ ಮಾತ್ರ ಸರಿಯಿದೆ ಎಂದು ಸಮಾಧಾನಪಟ್ಟರೆ ಪ್ರಯೋಜನವೇನು? ತೀರಾ ದಪ್ಪ ತಂತಿಯೇ ಬೇಕಾದವರಿಗೆ ಬ್ರಿಡ್ಜ್‌ನ ಬಳಿ ಸುತ್ತು ಕಡಿಮೆ ಮಾಡಿ ಸಪೂರಗೊಳಿಸಿದ ಟೇಪರ್ ತಂತಿಗಳು ಸಿಗುತ್ತವೆ. ಕಾಯಿಲೆಯನ್ನು ಅವು ಅಷ್ಟಿಷ್ಟು ತಗ್ಗಿಸುತ್ತವೆ.

ದಪ್ಪ ತಂತಿಯ ಪರವಾಗಿ ಜೇಮ್ಸ್ ಜೇಮರ್ಸನ್ ಹೆಸರು ಹೇಳುವವರಿದ್ದಾರೆ. ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿ ಜೀವ ತುಂಬಿದ ಅವರು ದಪ್ಪನೆಯ ಲಾ ಬೆಲ್ಲಾ ತಂತಿ ಬಳಸುತ್ತಿದ್ದುದು ನಿಜ. ಆದರೆ ಅವು ನುಣುಪಾದ ಫ್ಲ್ಯಾಟ್‌ವೌಂಡ್ ತಂತಿಗಳು, ಶ್ರುತಿ ಮಾಮೂಲಿ ಇ, ಅವರಿಗೆ ಬೇಕಿದ್ದುದೂ ಆ ಮೊಟಕು ನಾದವೇ. ಶ್ರುತಿ ಇಳಿಸುವವರಿಗೆ ಅದು ದಾರಿಯಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಬ್ಲ್ಯಾಕ್ ಸಬ್ಬಾತ್‌ನ ಟೋನಿ ಅಯೋಮಿ ಶ್ರುತಿ ಇಳಿಸಿದ್ದೇ ತಂತಿ ಸಡಿಲವಾಗಲಿ ಎಂದಲ್ಲವೇ? ಹೌದು. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಅವರ ಬಲಗೈಯ ಎರಡು ಬೆರಳ ತುದಿಗಳು ಕತ್ತರಿಸಿಹೋಗಿದ್ದವು. ಎಡಚರಾದ ಅವರಿಗೆ ಫ್ರೆಟ್ ಒತ್ತುವ ಕೈ ಅದೇ. ತೆಳು ತಂತಿ, ಇಳಿದ ಶ್ರುತಿ ಅವರ ನೋವಿಗೆ ಪರಿಹಾರವಾಗಿದ್ದವು. ಮೆದುವಾಗಿ ಮೀಟುವ ಕೈಗೆ ಸಡಿಲ ತಂತಿಯೂ ಸೊಗಸಾಗಿ ನುಡಿಯುತ್ತದೆ ಎಂಬುದನ್ನು ಒಪ್ಪೋಣ. ಆದರೆ ಅಯೋಮಿಯವರದು ಗಿಟಾರ್, ಬೇಸ್‌ಗಿಂತ ಒಂದು ಸ್ಥಾಯಿ ಮೇಲೆ. ಡಬಲ್ ಬೇಸ್ ಡ್ರಮ್‌ನ ವೇಗಕ್ಕೆ ಹೊಡೆಯುವ ಬೇಸ್ ವಾದಕನಿಗೆ ಆ ಮೆದು ಕೈಯ ಅನುಕೂಲ ಎಲ್ಲಿಂದ ಬರಬೇಕು?

ಉದ್ದದ ಸ್ಕೇಲ್‌ನ ಬೇಸ್ ಕೊಳ್ಳಿ ಎನ್ನುವ ಸಲಹೆ ತಪ್ಪಲ್ಲ, ಆದರೆ ಅದರ ಲಾಭವನ್ನು ಹಿಗ್ಗಿಸಿ ಹೇಳುತ್ತಾರೆ. 34ರಿಂದ 35 ಇಂಚಿಗೆ ಹೋದರೆ ಸಿಗುವ ಹೆಚ್ಚುವರಿ ಬಿಗಿ ಶೇ 6 ಮಾತ್ರ, ಅರ್ಧ ಫ್ರೆಟ್ ಇಳಿಸಿದಾಗ ಕಳೆಯುವಷ್ಟು. ಕೆನಡಾದ ಡಿಂಗ್‌ವಾಲ್ ಬೇಸ್‌ಗಳಲ್ಲಿ ಫ್ರೆಟ್‌ಗಳನ್ನು ಓರೆಯಾಗಿ ಹರಡಿ ಕೆಳಗಿನ ತಂತಿಗೆ 37 ಇಂಚಿನವರೆಗೆ ಉದ್ದ ಕೊಡುತ್ತಾರೆ; ಅಲ್ಲಿ ಶೇ 18ರಷ್ಟು ಸಿಗುತ್ತದೆ, ಅದು ಲೆಕ್ಕಕ್ಕೆ ಬರುವ ಮೊತ್ತ. ಬೆಲೆಯೂ ಹಾಗೆಯೇ. ಇನ್ನು ದಪ್ಪ ತಂತಿ ಹಾಕಿದರೆ ಕುತ್ತಿಗೆ ಮುರಿಯುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ನಾಲ್ಕು ತಂತಿಗಳು ಸೇರಿ ಸುಮಾರು 80 ಕೆ.ಜಿ. ಭಾರದಷ್ಟು ಎಳೆಯುವುದನ್ನು ಆ ಮರ ದಿನವೂ ತಾಳಿಕೊಂಡಿದೆ. ಇಳಿದ ಶ್ರುತಿಗೆ ತಕ್ಕ ದಪ್ಪ ಹಾಕಿದರೆ ಆ ಎಳೆತ ಹೆಚ್ಚುವುದೇ ಇಲ್ಲ. ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಬೇಕಾಗಬಹುದು, ಸ್ಯಾಡಲ್ ಸ್ವಲ್ಪ ಹಿಂದೆ ಸರಿಸಬೇಕಾಗುತ್ತದೆ. ನಿಜವಾದ ತೊಡಕಿರುವುದು ನಟ್‌ನಲ್ಲಿ. 105ರ ತಂತಿಗೆ ಕೊರೆದ ಕಚ್ಚಿನಲ್ಲಿ 130ರದು ಕೂರುವುದಿಲ್ಲ, ಅರ ಹಾಕಿ ಅಗಲಿಸಲೇಬೇಕು. ಹಾಗೆ ಅಗಲಿಸಿದ ಕಚ್ಚಿನಲ್ಲಿ ಮುಂದೆ ತೆಳು ತಂತಿ ಅಲ್ಲಾಡುತ್ತದೆ. ಹಾಗಾಗಿ ಯಾವ ಶ್ರುತಿಯಲ್ಲಿ ನುಡಿಸುತ್ತೀರಿ ಎಂಬುದನ್ನು ನಿಮ್ಮ ತಂಡ ಗಟ್ಟಿ ಮಾಡಿಕೊಳ್ಳುವವರೆಗೆ ಆ ನಟ್‌ಗೆ ಅರ ಮುಟ್ಟಿಸಬೇಡಿ.