ಹೌದೇನಪಾ ಬಸವಣ್ಣ?

ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರಿದ ಬಳಿಕ, ನಮ್ಮ ಶಹಾಪುರದ ಓಣಿಗಳಲ್ಲಿ ಒಂದು ಮುಂಜಾನೆ ಸನಾದಿಯ ಸ್ವರ ಕೇಳಿಬಂದಿತೆಂದರೆ, ಬಸವಣ್ಣನನ್ನು ಆಡಿಸುವವನು ಊರಿಗೆ ಬಂದನೆಂದೇ ಮಕ್ಕಳು ತಿಳಿಯುವರು. ಬೆನ್ನ ಮೇಲೆ ಬಣ್ಣಬಣ್ಣದ ಅರಿವೆ ಜೋಡಿಸಿ ಹೊಲಿದ ಜೂಲ, ಕೊಂಬಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಕವಡೆಯ ಸರ, ಕಾಲಿಗೆ ಗೆಜ್ಜೆ. ಇಷ್ಟೆಲ್ಲ ಅಲಂಕಾರವನ್ನು ಹೊತ್ತೂ ಕಿಂಚಿತ್ತಾದರೂ ಗರ್ವವಿಲ್ಲದೆ, ಅರ್ಧ ಮುಚ್ಚಿದ ಕಣ್ಣುಗಳಿಂದ ಅದು ನಮ್ಮ ಕಟ್ಟೆಯ ಮುಂದೆ ಬಂದು ನಿಲ್ಲುವುದು. ಒಡೆಯನು ಅದರ ಮುಖಕ್ಕೆ ಮುಖವಿಟ್ಟು, “ಹೌದೇನಪಾ ಬಸವಣ್ಣ, ಈ ಯವ್ವನ ಮನ್ಯಾಗ ಈ ವರ್ಸ ಲಗ್ನ ಆಗ್ತದೇನು?” ಎಂದು ಕೇಳಿದೊಡನೆ, ಬಸವಣ್ಣನು ಮೇಲಕ್ಕೂ ಕೆಳಕ್ಕೂ ತಲೆಯಾಡಿಸುವನು. “ಬರೇ ಕೈಲಿ ಕಳಸ್ತಾಳೇನು?” ಎಂದರೆ, ಗಂಟೆಗಳೆಲ್ಲ ಒಮ್ಮೆಗೇ ನುಡಿಯುವಂತೆ ಅಡ್ಡಡ್ಡ ಆಡಿಸುವನು. ಹಳೆಯ ಮೈಸೂರಿನವರು ಕೋಲೆ ಬಸವನೆಂದೂ ನಮಗೆ ನೆರೆಯವರಾದ ತೆಲುಗರು ಗಂಗಿರೆದ್ದು ಎಂದೂ ಕರೆಯುವ ಈ ಪ್ರಾಣಿಗೆ ಮನುಷ್ಯರ ಮಾತು ನಿಜವಾಗಿಯೂ ಅರ್ಥವಾಗುವುದೇ ಎಂಬ ಪ್ರಶ್ನೆ ಬಾಲ್ಯದಲ್ಲಿ ನನ್ನನ್ನು ಬಹುವಾಗಿ ಕಾಡಿತ್ತು.

ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಜರ್ಮನಿಯ ಪಂಡಿತರನ್ನೂ ಕಾಡಿತೆಂಬುದನ್ನು ನಾನು ಅರಿತದ್ದು ಎಷ್ಟೋ ಕಾಲದ ಮೇಲೆ. ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನ ಬಳಿ ಹಾನ್ಸ್ ಎಂಬ ಕುದುರೆಯಿದ್ದಿತು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಹೇಳುತ್ತಿದ್ದಿತು. 1904ರಲ್ಲಿ ವಿದ್ವಾಂಸರ ಮಂಡಳಿಯೊಂದು ಪರೀಕ್ಷೆ ನಡೆಸಿ, ಇದರಲ್ಲಿ ಕಪಟವೇನೂ ಇಲ್ಲವೆಂದು ತೀರ್ಮಾನಿಸಿತು. ಅನಂತರ ಓಸ್ಕರ್ ಫುಂಗ್ಸ್ಟ್ ಎಂಬ ತರುಣ ಸಂಶೋಧಕನು ತಾಳ್ಮೆಯಿಂದ ಶೋಧಿಸಿ, 1907ರಲ್ಲಿ ರಹಸ್ಯವನ್ನು ಬಯಲು ಮಾಡಿದನು. ಕೇಳುವವನಿಗೇ ಉತ್ತರ ತಿಳಿಯದಿದ್ದಾಗ, ಅಥವಾ ಕೇಳುವವನು ಕುದುರೆಯ ಕಣ್ಣಿಗೆ ಬೀಳದಿದ್ದಾಗ, ಹಾನ್ಸನ ಗಣಿತವೆಲ್ಲ ಸೋರಿಹೋಗುತ್ತಿದ್ದಿತು. ಗೊರಸಿನ ಸಂಖ್ಯೆ ಸರಿಯಾದ ಉತ್ತರವನ್ನು ಮುಟ್ಟುವ ಕ್ಷಣದಲ್ಲಿ ಎದುರಿಗಿದ್ದವನ ತಲೆ ಅವನಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಮೇಲೇಳುವುದು. ಅದನ್ನು ಕಂಡು ಕುದುರೆ ಕಾಲನ್ನು ನಿಲ್ಲಿಸುವುದು.

ಹಾನ್ಸನಿಗೆ ಲೆಕ್ಕ ಬಾರದೆಂದು ತಿಳಿದಾಗ ಅಂದಿನ ಜನ ನಿರಾಶರಾದರಂತೆ. ನನಗೇನೋ ಅವರ ನಿರಾಶೆ ಅವಿವೇಕವೆಂದೇ ತೋರುವುದು. ಏಕೆಂದರೆ ಕೂಡುವ ಲೆಕ್ಕವನ್ನು ಯಾವ ಶಾಲೆಯ ಹುಡುಗನಾದರೂ ಮಾಡಿಯಾನು. ಆದರೆ ಎದುರಿಗಿರುವವನಿಗೇ ತಿಳಿಯದ ಅವನ ಮುಖದ ಚಲನವನ್ನು ಓದಬಲ್ಲ ವಿದ್ಯೆ ನಮ್ಮಲ್ಲಿ ಎಷ್ಟು ಜನಕ್ಕುಂಟು? ನಾವು ಪ್ರಾಣಿಗಳನ್ನು ನೋಡುತ್ತಿದ್ದೇವೆಂದು ಭಾವಿಸಿರುವಾಗ, ಅವು ನಮಗಿಂತ ಹೆಚ್ಚಿನ ಶ್ರದ್ಧೆಯಿಂದ ನಮ್ಮನ್ನು ನೋಡುತ್ತಿವೆ.

ಈ ನೋಟಕ್ಕೆ ನಮ್ಮ ಸೀಮೆಯಲ್ಲಿ ದೀರ್ಘವಾದ ಇತಿಹಾಸವಿದೆ. ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರದ ನಾಡಿನಲ್ಲಿ, ಕೊಡೇಕಲ್ಲಿನ ಬಳಿಯೂ ಬೂದಿಹಾಳದ ಬಳಿಯೂ, ನವಶಿಲಾಯುಗದ ಬೂದಿದಿಬ್ಬಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಇವೆರಡನ್ನೂ ಅಗೆದು ಪರಿಶೀಲಿಸಿದರು. ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳ ಸಗಣಿ ರಾಶಿಬಿದ್ದು ಮತ್ತೆ ಮತ್ತೆ ಸುಟ್ಟು ಉಂಟಾದ ದಿಬ್ಬಗಳಿವು. ವಯಸ್ಸು ಸುಮಾರು 4000 ವರ್ಷ. ಇಂಥದೇ ಇನ್ನೊಂದು ದಿಬ್ಬವನ್ನು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು 1957ರಲ್ಲಿ ಅಗೆಸಿದಾಗ, ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತು ಹಾಗೆಯೇ ಉಳಿದಿದ್ದಿತು. ಬೆಂಕಿ ಆರಿದ ಬಳಿಕ ಮತ್ತೆ ಅದೇ ನೆಲಕ್ಕೆ ಬಂದು ನಿಂತ ಯಾವುದೋ ಆಕಳು ತನ್ನನ್ನು ಕಟ್ಟಿದವನ ಮುಖವನ್ನು ನೋಡುತ್ತ ಮೆಲುಕು ಹಾಕಿರಬೇಕೆಂಬ ಕಲ್ಪನೆ ಅಲ್ಲಿಗೆ ಹೋದಾಗಲೆಲ್ಲ ನನಗೆ ಬರುವುದು.

ಅಂದಿನ ಪರಿಚಯ ಇಂದಿಗೂ ಸವೆದಿಲ್ಲ. ಹೊನ್ನುಗ್ಗಿಯ ದಿನ ಮೈ ತೊಳೆಯಿಸಿಕೊಂಡು, ಮರುದಿನ ಕಾರಹುಣ್ಣಿಮೆಗೆ ಕೊಂಬಿನಲ್ಲಿ ಕೋಡುಬಳೆ ಧರಿಸಿ ಕರಿ ಹರಿಯಲು ಓಡುವ ಎತ್ತುಗಳ ಸಂಭ್ರಮವನ್ನು ಎಲ್ಲರೂ ನೋಡುವರು. ನಾನು ನೋಡಲಿಚ್ಛಿಸುವುದು ಅದರ ಮರುದಿನದ ಬೆಳಗನ್ನು. ರೈತನು ನೊಗವನ್ನು ಎತ್ತಿ ಹಿಡಿದೊಡನೆ, ಎಡಗಡೆಯದು ಎಡಕ್ಕೂ ಬಲಗಡೆಯದು ಬಲಕ್ಕೂ ತಾವಾಗಿಯೇ ಬಂದು ಕೊರಳೊಡ್ಡುವುವು. ಬದಲಾಯಿಸಿ ಹೂಡಹೋದರೆ ಮುನಿದು ಹಿಂದೆ ಸರಿಯುವುವು. ಯಾದಗಿರಿಯ ಸಂತೆಯಿಂದ ರಾತ್ರಿ ಮರಳುವ ಬಂಡಿಯಲ್ಲಿ ಒಡೆಯನು ಕಂಬಳಿ ಹೊದೆದು ನಿದ್ರಿಸಿದ್ದರೂ, ಎತ್ತುಗಳು ಅವನನ್ನು ಅವನ ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದುದನ್ನು ಹಿರಿಯರೆಲ್ಲ ಬಲ್ಲರು.

ಕುರಿಯನ್ನು ಮಾತ್ರ ನಾವು ಮೂಢತನಕ್ಕೆ ಉಪಮಾನವಾಗಿ ಬಳಸುತ್ತ ಬಂದಿದ್ದೇವೆ. ಆ ಬಡಪ್ರಾಣಿಗೆ ಇದರಿಂದಾದ ಅನ್ಯಾಯ ಅಲ್ಪವಲ್ಲ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನ ಆಕಾರದಲ್ಲಿ ಕಾಣುವ ದಿಕ್ಕಿನ ಹೊಲವೊಂದರಲ್ಲಿ, ಗೊಬ್ಬರಕ್ಕೆಂದು ಕುರಿ ಹಿಂಡನ್ನು ನಿಲ್ಲಿಸಿದ್ದ ಒಂದು ಸಂಜೆ ನಾನು ಅಲ್ಲಿದ್ದೆ. ಮೇಯಲು ಹೋದ ತಾಯಿಗಳು ಇನ್ನೂ ದೂರದಲ್ಲಿದ್ದಂತೆಯೇ ಬಲೆಯೊಳಗಿನ ಮರಿಗಳು ಅರಚತೊಡಗಿದವು. ಬಲೆ ಎತ್ತಿದೊಡನೆ ಧೂಳಿನ ನಡುವೆ ನೂರಾರು ಕೊರಳುಗಳ ಗದ್ದಲವೆದ್ದಿತು. ಇನ್ನು ಇದು ಬಗೆಹರಿಯುವಂತಿಲ್ಲವೆಂದು ನಾನು ನಿಶ್ಚಯಿಸುವಷ್ಟರಲ್ಲಿ, ಒಂದೊಂದು ತಾಯಿಯೂ ತನ್ನ ಮರಿಯ ಬಾಲದ ಬುಡವನ್ನು ಮೂಸಿ ನೋಡಿ ಮೊಲೆಗೆ ಬಿಟ್ಟುಕೊಂಡು, ಪರರ ಮರಿಯನ್ನು ಹಣೆಯಿಂದ ನೂಕಿ, ಎಲ್ಲವೂ ನಿಶ್ಶಬ್ದವಾಯಿತು. ಹೆತ್ತ ಒಂದೆರಡು ಗಂಟೆಗಳೊಳಗೆ ಮರಿಯ ವಾಸನೆ ತಾಯಿಯ ಮನಸ್ಸಿನಲ್ಲಿ ಅಚ್ಚೊತ್ತುವುದಂತೆ. “ಇಷ್ಟು ಕುರಿಯೊಳಗ ನಿಮಗ ಗುರ್ತು ಹ್ಯಾಂಗ ಸಿಗ್ತದಪಾ?” ಎಂದು ಕುರಿಗಾರನನ್ನು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿ, “ಮಂದಿ ಮಾರಿ ಒಂದರಂಗ ಒಂದು ಇರ್ತಾವೇನ್ರಿ? ಕುರಿ ಮಾರಿನೂ ಹಂಗೇ ರೀ” ಎಂದನು.

ಕುರಿಗಳ ಅಭಿಪ್ರಾಯವೂ ಇದೇ. ಇಂಗ್ಲೆಂಡಿನಲ್ಲಿ ಕೀತ್ ಕೆಂಡ್ರಿಕ್ ಎಂಬ ವಿಜ್ಞಾನಿಯೂ ಸಂಗಡಿಗರೂ 2001ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕುರಿಯೊಂದು ಬೇರೆ 50 ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮಿಕ್ಕಿ ನೆನಪಿಟ್ಟುಕೊಳ್ಳಬಲ್ಲುದು. 2017ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಂಟು ಕುರಿಗಳಿಗೆ ಕೆಲವು ಪ್ರಸಿದ್ಧರ ಭಾವಚಿತ್ರಗಳನ್ನು ಪರಿಚಯಿಸಿದಾಗ, ಅವು ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮರ ಮುಖವನ್ನು ಅಪರಿಚಿತ ಮುಖಗಳ ನಡುವೆ ಗುರುತಿಸಿದವು. ತಮ್ಮನ್ನು ನೋಡಿಕೊಳ್ಳುವವರ ಚಿತ್ರವನ್ನಂತೂ ಯಾವ ಶಿಕ್ಷಣವೂ ಇಲ್ಲದೆ ಆರಿಸಿಕೊಂಡವು.

ಹಿಂಡು ಕಾಯುವ ನಾಯಿಯ ವಿಷಯಕ್ಕೆ ಬಂದರೆ, ಹಾಲುಮತದವರಿಗೆ ಅದು ಬರಿಯ ಸೇವಕನಲ್ಲ. ಸಂಕ್ರಾಂತಿಗೆ ಯಾದಗಿರಿ ಬಳಿಯ ಮೈಲಾಪುರದಲ್ಲಿ ಯಾವ ಮಲ್ಲಯ್ಯನ ಜಾತ್ರೆ ನೆರೆಯುವುದೋ, ಆ ಮೈಲಾರನ ಸಂಪ್ರದಾಯದಲ್ಲಿ ಗೊರವರು ತಾವೇ ದೇವರ ನಾಯಿಗಳೆಂದು ಬಗೆದು, ಬೊಗಳುತ್ತ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣುಗಳನ್ನು ಬಾಯಿಂದಲೇ ಮೆಲ್ಲುವರು. ಮನುಷ್ಯನು ನಾಯಿಯನ್ನು ಅನುಕರಿಸುವ ಈ ಸೇವೆಯನ್ನು ಕಂಡಾಗ, ನಾಯಿಯು ಮನುಷ್ಯನನ್ನು ಅಷ್ಟೊಂದು ಅರಿತಿರುವುದಕ್ಕೆ ಇದೊಂದು ಪ್ರತ್ಯುಪಕಾರವೆಂದು ನನಗೆ ಅನಿಸಿದ್ದುಂಟು. ನಾವು ಬೆರಳು ತೋರಿದ ಕಡೆಗೆ ನೋಡುವುದರಲ್ಲಿ ನಾಯಿಯು ಚಿಂಪಾಂಜಿಗಿಂತಲೂ ಚತುರವಾದುದು. ಸಾಕಿದ ನಾಯಿಗೆ ಮಾತ್ರ ಇದು ಸಾಧ್ಯವೆಂಬ ಗರ್ವವನ್ನೂ ನಾವು ಬಿಡಬೇಕು. ನಮ್ಮ ದೇಶದ ಬೀದಿನಾಯಿಗಳನ್ನು ಪರೀಕ್ಷಿಸಿ ಕೋಲ್ಕತ್ತದ ಸಂಶೋಧಕರು 2020ರಲ್ಲಿ ಪ್ರಕಟಿಸಿದಂತೆ, ಹತ್ತಿರ ಬರುವ ಧೈರ್ಯ ಮಾಡಿದ ನಾಯಿಗಳಲ್ಲಿ ನೂರಕ್ಕೆ ಸುಮಾರು 80, ಯಾರೂ ಕಲಿಸದೆಯೇ, ಬೆರಳಿನ ದಿಕ್ಕನ್ನು ಅನುಸರಿಸಿದವು. ಬೆಕ್ಕು ಕೂಡ ತನ್ನ ಹೆಸರನ್ನು ಬಲ್ಲುದೆಂದು ಜಪಾನಿನವರು ತೋರಿಸಿಕೊಟ್ಟಿದ್ದಾರೆ. ಕರೆದಾಗ ಬರುವುದೋ ಇಲ್ಲವೋ ಎಂಬುದು ಅದರ ಸ್ವಂತ ವಿಚಾರ.

ಚಳಿಗಾಲದಲ್ಲಿ ಸುರಪುರದ ಬೋನಾಳದ ಕೆರೆಗೆ ಹಿಮಾಲಯವನ್ನು ದಾಟಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು ಇದಕ್ಕಿಂತ ದೊಡ್ಡ ವಿಸ್ಮಯವೆಂದು ಮಿತ್ರರೊಬ್ಬರು ವಾದಿಸುವುದುಂಟು. ಇರಬಹುದು, ಆದರೆ ಅವುಗಳ ಗಮನವೆಲ್ಲ ಆಕಾಶದ ಕಡೆಗೆ, ನಮ್ಮ ಮುಖದ ಕಡೆಗಲ್ಲ.

ಹೋದ ವರ್ಷ ಬಸವಣ್ಣನು ನಮ್ಮ ಕಟ್ಟೆಗೆ ಬಂದಾಗ, ಬರ್ಲಿನ್ನಿನ ತರುಣನ ಪ್ರಯೋಗವನ್ನು ನಾನೂ ಮಾಡಿ ನೋಡಬೇಕೆಂಬ ಆಸೆ ಹುಟ್ಟಿತು. ಚಹಾದ ನೆಪ ಹೇಳಿ ಒಡೆಯನನ್ನು ಹಿತ್ತಲಿಗೆ ಕಳುಹಿಸಿ, ನಾನೇ ಅದರ ಮುಂದೆ ನಿಂತು, “ಹೌದೇನಪಾ ಬಸವಣ್ಣ, ಈ ವರ್ಸ ಮಳಿ ಚಲೋ ಆಗ್ತದೇನು?” ಎಂದು ಆದಷ್ಟು ಗಂಭೀರವಾಗಿ ಕೇಳಿದೆ. ಅದು ಮೇಲಕ್ಕೂ ಆಡಿಸಲಿಲ್ಲ, ಅಡ್ಡಕ್ಕೂ ಆಡಿಸಲಿಲ್ಲ. ನನ್ನನ್ನು ಒಮ್ಮೆ ನೋಡಿ, ಕೊರಳನ್ನು ಪೂರ್ತಿಯಾಗಿ ತಿರುಗಿಸಿ, ಒಡೆಯನು ಮರೆಯಾದ ಗೋಡೆಯ ಮೂಲೆಯನ್ನೇ ದಿಟ್ಟಿಸುತ್ತ ನಿಂತಿತು. ಐದು ನಿಮಿಷದ ಮೇಲೆ ಅವನು ಬಾಯೊರಸಿಕೊಳ್ಳುತ್ತ ಆ ಮೂಲೆಯಲ್ಲಿ ಕಾಣಿಸಿಕೊಂಡದ್ದೇ ತಡ, ಅವನು ಏನನ್ನೂ ಕೇಳುವ ಮೊದಲೇ, ಬಸವಣ್ಣನು ಗಂಟೆಗಳು ಮೊಳಗುವಂತೆ ಮೂರು ಸಲ ಹೌದೆಂದು ತಲೆಯಾಡಿಸಿದನು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ನಮ್ಮ ಅಜ್ಜಿ, ಮಳೆಯ ಮಾತು ಇತ್ಯರ್ಥವಾಯಿತೆಂದು ಕೈಮುಗಿದು, ಮೊರದ ತುಂಬ ಜೋಳ ತರಲು ಒಳಗೆ ಹೋದರು.